ಬೀಗರ ಕೊಡದ ನೀರು

ಎಂ.ಎಸ್ಸಿ. ಮುಗಿಸಿ ನಾನು ಮೈಸೂರಿನಿಂದ ಅಫಜಲಪುರಕ್ಕೆ ಮರಳಿದಾಗ ನನ್ನ ನೌಕರಿಯ ಬಗ್ಗೆ ನನಗಿಂತ ಹೆಚ್ಚು ತಲೆ ಕೆಡಿಸಿಕೊಂಡವರೆಂದರೆ ಬೆಳಗಿನ ಏಳೂವರೆಯ ಕಲಬುರ್ಗಿ ಬಸ್ಸಿನ ಪ್ರಯಾಣಿಕರು. ಆ ಬಸ್ಸಿನ ಕಂಡಕ್ಟರು ನಮ್ಮಪ್ಪ. ಅಪ್ಪನಿಗೆ ಮನೆಯಲ್ಲಿ ಮಾತೇ ಇರಲಿಲ್ಲ. ಹೆಗಲಿಗೆ ಟಿಕೇಟಿನ ಚರ್ಮದ ಚೀಲ ಏರಿದ ಮೇಲೆಯೇ ಅವನ ಬಾಯಿ ಬಿಚ್ಚುತ್ತಿತ್ತು. ಹೀಗಾಗಿ ನಮ್ಮ ಮನೆಯ ಸುದ್ದಿ ನಮ್ಮ ಅವ್ವನಿಗಿಂತ ಮೊದಲು ಚೌಡಾಪುರದವರಿಗೆ ಗೊತ್ತಾಗುತ್ತಿತ್ತು.

ತೊಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ನಾನು ಓದಿದ್ದು ಪರಿಸರ ವಿಜ್ಞಾನ. ನಮ್ಮ ಊರಿನವರು ಆ ಹೆಸರಿನ ವಿದ್ಯೆ ಒಂದಿದೆ ಎಂದು ಮೊದಲು ಕೇಳಿದ್ದೇ ನನ್ನಿಂದ.

“ಪರಿಸರ ಅಂದ್ರ ಏನ್ರಿ ಕಂಡಕ್ಟರ್ ಸಾಹೇಬ್ರ?” ಎಂದು ತೊಗರಿ ದಲಾಲಿ ಮಾಡುವ ಅಡತಿಯ ಮುದುಕರೊಬ್ಬರು ಕೇಳಿದರು. ಅವರು ದಿನಾ ಇದೇ ಬಸ್ಸಿಗೆ ಕಲಬುರ್ಗಿಯ ಗಂಜ್ ಮಾರುಕಟ್ಟೆಗೆ ಹೋಗುವವರು, ಚಾಲಕನ ಹಿಂದಿನ ಸೀಟು ಅವರ ಸ್ವಂತ ಆಸ್ತಿ.

“ಗಾಳಿ, ನೀರು, ಮಣ್ಣು,” ಎಂದ ಅಪ್ಪ, ಟಿಕೇಟು ಹರಿಯುತ್ತ.

“ಅದನ್ನ ಕಲಿಯಾಕ ಮೈಸೂರತನಕ ಯಾಕ ಕಳಸಿದ್ರಿ? ಬ್ಯಾಸಗ್ಯಾಗ ನಮ್ಮ ಹೊಲದಾಗ ನಿಲ್ಲಿಸಿದ್ರ ಮೂರೂ ಒಂದ ದಿನದಾಗ ಕಲೀತಿದ್ಲು.”

ಇಡೀ ಬಸ್ಸು ನಕ್ಕಿತು. ನಾನು ಕಿಡಕಿಯ ಪಕ್ಕ ಕುಳಿತು ಹಲ್ಲು ಕಡಿಯುತ್ತಿದ್ದೆ. ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ, ಆಗಂತೂ ಅದು ಅಲ್ಲಿಂದ ಇಳಿದದ್ದೇ ಇಲ್ಲ. ಒಬ್ಬರು ಅರಣ್ಯ ಇಲಾಖೆಗೆ ಅರ್ಜಿ ಹಾಕಲಿ ಎಂದರೆ, ಇನ್ನೊಬ್ಬರು “ನಮ್ಮ ಕಡೆ ಅರಣ್ಯ ಎಲ್ಲೈತ್ರಿ? ಜಾಲಿಗಿಡ ಕಾಯಾಕ ಎಂ.ಎಸ್ಸಿ. ಬೇಕೇನು?” ಎನ್ನುವರು. ಮತ್ತೊಬ್ಬರು ಪುರಸಭೆಯ ಗಟಾರದ ಕೆಲಸ ನನ್ನ ಓದಿಗೆ ಬರೋಬರಿ ಹೊಂದುತ್ತದೆ ಎಂದು ಕಂಡುಹಿಡಿದರು. ಕೊನೆಗೆ ಎಲ್ಲರೂ ಒಪ್ಪಿದ್ದು ಒಂದೇ ಮಾತು: ಹೆಣ್ಣುಮಗಳು, ಬಿ.ಎಡ್. ಮಾಡಿ ಟೀಚರ್ ಆಗಲಿ. ಅಪ್ಪ ಅಂದೇ ಕಲಬುರ್ಗಿಯಿಂದ ಬಿ.ಎಡ್. ಅರ್ಜಿ ತಂದು, ನಾಲ್ಕಾಗಿ ಮಡಚಿ ಚರ್ಮದ ಚೀಲದ ಒಳಜೇಬಿನಲ್ಲಿ ಇಟ್ಟುಕೊಂಡ.

ನನಗೆ ಪಾಠ ಹೇಳುವುದು ಬೇಡವೆಂದಲ್ಲ. ಮಕ್ಕಳೆದುರು ನಾನು ನಿಂತರೆ ಎರಡನೆಯ ದಿನಕ್ಕೇ ಯಾರಾದರೊಬ್ಬರಿಗೆ ಏಟು ಬೀಳುತ್ತದೆ ಎಂದು ನನಗೇ ಗೊತ್ತಿತ್ತು. ಅದಕ್ಕಿಂತ ಹೆಚ್ಚಾಗಿ, ನಾನು ಕಲಿತದ್ದಕ್ಕೆ ನಮ್ಮ ಸೀಮೆಯಲ್ಲೇ ಕೆಲಸವಿದೆ ಎಂದು ಆ ಏಳೂವರೆಯ ಬಸ್ಸಿಗೆ ತೋರಿಸಲೇಬೇಕಿತ್ತು.

ಹಾಗಿರುವಾಗ ಕಲಬುರ್ಗಿಯಲ್ಲಿ ಜಿಲ್ಲೆಯ ನೀರಿನ ಕಚೇರಿಯೊಂದರಲ್ಲಿ ಆರು ತಿಂಗಳ ತಾತ್ಕಾಲಿಕ ಕೆಲಸ ಸಿಕ್ಕಿತು. ಹಳ್ಳಿಹಳ್ಳಿಗೆ ಹೋಗಿ ಬಾವಿ, ಬೋರಿನ ನೀರು ತಂದು ಪರೀಕ್ಷೆ ಮಾಡಬೇಕು. ಯಾವ ಊರಿನ ನೀರು ಕೆಟ್ಟಿದೆಯೋ ಆ ಊರು ನಳ ಹಾಕಿಸುವ ಊರುಗಳ ಪಟ್ಟಿಯಲ್ಲಿ ಉಳಿಯುತ್ತದೆ. ನಾನು ಕುಣಿದಾಡಿದೆ. ಅಪ್ಪ ಮಾತ್ರ ಚೀಲ ಸವರಿ ಹೇಳಿದ, “ಆರು ತಿಂಗಳು ನೋಡ್ತೇನಿ. ಅವ್ರು ಮುಂದುವರಿಸಿದ್ರ ನಿನ್ನ ಹಾದಿ ನಿಂದು. ಇಲ್ಲಂದ್ರ ಜೂನಿನಾಗ ಬಿ.ಎಡ್. ತಕರಾರು ಇಲ್ಲ.” ನಾನು ಒಪ್ಪಿದೆ. ಬಸ್ಸೂ ಒಪ್ಪಿತು.

ಡಿಸೆಂಬರಿನಲ್ಲಿ ಕೆಲಸ ಶುರುವಾಯಿತು. ಬಾಟಲಿಗಳ ಬುಟ್ಟಿ ಹೊತ್ತು ನಾನು ಊರೊಳಗೆ ಕಾಲಿಟ್ಟರೆ ಹೆಂಗಸರು ಬಾಗಿಲು ಹಾಕಿಕೊಳ್ಳುತ್ತಿದ್ದರು, ನಾನು ಕುಟುಂಬ ಯೋಜನೆಯ ನರ್ಸು ಎಂದು. ಆಳಂದದ ಬಸ್ಸು ಹಿಡಿದು ಮಟಕಿ ಎಂಬ ಊರಿಗೆ ಹೋದಾಗ ಒಬ್ಬ ಅಜ್ಜ ನನ್ನನ್ನು ಕೊಟ್ಟಿಗೆಗೆ ಕರೆದೊಯ್ದು, “ಅಕ್ಕೋರ, ಈ ಎತ್ತು ಎರಡ ದಿನದಿಂದ ಮೇವು ಬಿಟ್ಟೈತಿ ನೋಡ್ರಿ,” ಎಂದು ಎತ್ತಿನ ಬಾಯಿ ಅಗಲಿಸಿದ. ನಾನು ನೀರಿನವಳು ಎಂದೆ. “ನೀರೂ ಬಿಟ್ಟೈತ್ರಿ,” ಎಂದ. ಆದರೂ ಆ ದಿನಗಳು ನನಗೆ ಬಲು ಇಷ್ಟವಾಗಿದ್ದವು. ಸಂಜೆ ಕಚೇರಿಯ ಹಿಂದಿನ ಕೋಣೆಯಲ್ಲಿ ಗಾಜಿನ ಕೊಳವೆಯಿಂದ ಹನಿ ಹನಿ ಔಷಧ ಬಿಡುವುದು, ಕೆಂಪು ದ್ರಾಕ್ಷಿ ಬಣ್ಣದ ನೀರು ಒಂದು ಹನಿಗೆ ತಟ್ಟನೆ ನೀಲಿಯಾಗುವುದನ್ನು ಕಾಯುವುದು. ನೀರು ಗಡುಸಿದ್ದಷ್ಟೂ ಹೆಚ್ಚು ಔಷಧ ಬೇಕು. ಆ ನೀಲಿ ಬಣ್ಣ ಕಂಡಾಗಲೆಲ್ಲ ನನಗೆ ಖುಷಿ.

ಈ ಕೆಲಸದ ಮೊದಲ ಪಾಠ ಏನೆಂದರೆ, ನೀರನ್ನು ನಾವೇ ಬಾವಿಯ ಹತ್ತಿರ ನಿಂತು, ನಮ್ಮ ಕೈಯಿಂದಲೇ ತುಂಬಿ, ಅಲ್ಲೇ ಚೀಟಿ ಕಟ್ಟಬೇಕು. ಏಪ್ರಿಲ್ ತನಕ ನಾನು ಹಾಗೇ ಮಾಡಿದೆ. ತಪ್ಪಿದ್ದು ಒಂದೇ ಒಂದು ಊರಿನಲ್ಲಿ. ಅಫಜಲಪುರಕ್ಕೂ ಚೌಡಾಪುರಕ್ಕೂ ನಡುವೆ ರಸ್ತೆಯ ಮೇಲೇ ಇರುವ ಹಳ್ಳಿ ಅದು, ಹೆಸರು ಹೇಳುವುದಿಲ್ಲ. ಅಪ್ಪನ ಬಸ್ಸು ಅಲ್ಲಿ ನಿಲ್ಲುತ್ತಿದ್ದದ್ದು ಜನ ಇಳಿದು ಹತ್ತುವಷ್ಟೇ ಹೊತ್ತು. ಸಮಯದ ವಿಷಯದಲ್ಲಿ ಅಪ್ಪ ಯಾರ ಮಾತೂ ಕೇಳುವವನಲ್ಲ. ಒಮ್ಮೆ ಅವ್ವ ಚೌಡಾಪುರದಲ್ಲಿ ಬಾಳೆಹಣ್ಣಿಗೆ ಚೌಕಾಸಿ ಮಾಡಲು ಇಳಿದಾಗ, ಅವಳನ್ನು ಅಲ್ಲೇ ಬಿಟ್ಟು ಸೀಟಿ ಊದಿದ್ದ. ಅವ್ವ ಮೂರು ದಿನ ಅವನೊಡನೆ ಮಾತು ಬಿಟ್ಟಳು. ಮನೆಯಲ್ಲಿ ಅವನು ಮಾತಾಡುವವನೇ ಅಲ್ಲವಾದ್ದರಿಂದ ಅದು ಅವನಿಗೆ ಗೊತ್ತೇ ಆಗಲಿಲ್ಲ.

ನಾನು ಅಲ್ಲಿ ಇಳಿದರೆ ಮುಂದಿನ ಬಸ್ಸಿಗೆ ಮೂರೂವರೆ ತಾಸು ಬಿಸಿಲಲ್ಲಿ ಕಾಯಬೇಕು. ನಾನು ಶಾಣ್ಯಾತನ ಮಾಡಿದೆ. ಬಸ್ಸು ನಿಲ್ಲುವ ಬೇವಿನ ಗಿಡದ ಕೆಳಗೆ ಹುರಿದ ಶೇಂಗಾ ಮಾರುವ ಮುದುಕಿಯೊಬ್ಬಳಿದ್ದಳು. ಎಲ್ಲರೂ ಅವಳನ್ನು ಆಯಿ ಎನ್ನುತ್ತಿದ್ದರು. ಕಿಡಕಿಯಿಂದಲೇ ಅವಳ ಕೈಗೆ ಆರು ಬಾಟಲಿ ಇಳಿಸಿದೆ.

“ಆಯಿ, ನಿಮ್ಮೂರಾಗಿನ ಆರೂ ಬಾವಿ ನೀರು ಒಂದೊಂದ ಬಾಟಲ್ಯಾಗ ತುಂಬಿಸಿ ಇಡ್ರಿ. ಸಂಜಿಗೆ ಇದ ಬಸ್ಸಿಗೆ ಬರ್ತೇನಿ. ಕಲಬುರ್ಗಿಯಾಗ ಸಾಹೇಬ್ರ ಕಡೆ ಒಯ್ಯೋದೈತಿ.”

“ಸಾಹೇಬ್ರ ಕಡೆನಾ? ಆತ್ ಬಿಡ ಯವ್ವಾ, ಚಂದ ತುಂಬಿ ಇಡ್ತೇನಿ,” ಎಂದಳು ಆಯಿ. ಅಪ್ಪ ಸೀಟಿ ಊದಿದ.

ಸಂಜೆ ಬಾಟಲಿಗಳು ತೊಳೆದು ಫಳಫಳ ಹೊಳೆಯುತ್ತ ಕಿಡಕಿಯಿಂದ ಒಳಗೆ ಬಂದವು. ಮರುದಿನ ಪರೀಕ್ಷೆ ಮಾಡಿದರೆ ಆರೂ ಬಾಟಲಿ ಹೆಚ್ಚುಕಡಿಮೆ ಒಂದೇ ಅಳತೆಗೆ, ಬಲು ಬೇಗ, ನೀಲಿಯಾದವು. ನೀರೆಂದರೆ ಇದಪ್ಪಾ ನೀರು ಎನ್ನುವಂಥ ನೀರು. ಆರು ಬಾವಿಯ ನೀರು ಹೀಗೆ ಒಂದೇ ಥರ ಇರುವುದುಂಟೆ ಎಂದು ಅನುಮಾನ ಪಡಬೇಕಿತ್ತು. ನಾನು ಪಟ್ಟಿದ್ದು ಹೆಮ್ಮೆ, ನನ್ನ ಕೈ ಎಷ್ಟು ಪಳಗಿದೆ ಎಂದು. ವರದಿ ಬರೆದೆ. ನಮ್ಮ ಕಚೇರಿಯ ಸಾಹೇಬರು ಕೆಂಪು ಪೆನ್ಸಿಲಿನಿಂದ ಆ ಊರಿನ ಹೆಸರು ನಳದ ಪಟ್ಟಿಯಿಂದ ಹೊಡೆದುಹಾಕಿದರು. “ಕೆಲಸಾ ನೀಟ್ ಐತ್ರಿ ನಿಮ್ದು. ಜೂನಿನಿಂದ ಮುಂದುವರಿಸೋದು ನೋಡೂಣು,” ಎಂದರು. ಅಂದು ನಾನು ಬಸ್ಸಿನಲ್ಲಿ ಅಡತಿಯ ಮುದುಕರ ಪಕ್ಕದಲ್ಲೇ ಕಾಲ ಮೇಲೆ ಕಾಲು ಹಾಕಿ ಕುಳಿತೆ.

ಮೇ ತಿಂಗಳ ಕೊನೆಯ ವಾರ, ಸಂಜೆ ಮನೆಗೆ ಮರಳುವಾಗ, ಬಸ್ಸು ಅದೇ ಬೇವಿನ ಗಿಡದ ಕೆಳಗೆ ಪಂಕ್ಚರ್ ಆಯಿತು. ಅಪ್ಪನ ಮುಖ ನೋಡುವಂತಿರಲಿಲ್ಲ. ನಾನು ಮಾವಿನಹಣ್ಣು ತಿನ್ನುತ್ತ ಕುಳಿತಿದ್ದೆ, ಮೊಣಕೈವರೆಗೆ ರಸ. ಆ ಊರಿನಲ್ಲಿ ನಾನು ನೆಲಕ್ಕೆ ಕಾಲಿಟ್ಟದ್ದು ಅಂದೇ ಮೊದಲು. ಆಯಿಯ ಮನೆ ಗಿಡದ ಹಿಂದೆಯೇ ಇತ್ತು. ಕೈ ತೊಳೆಯಲು ನೀರು ಕೇಳಿದೆ. ಒಂದು ಚೆಂಬು ನೀರು, ಒಂದು ಚೂರು ಸೋಪು ಕೊಟ್ಟಳು. ಎಷ್ಟು ಉಜ್ಜಿದರೂ ನೊರೆ ಬರಲೊಲ್ಲದು. ಸೋಪು ಒಡೆದ ಹಾಲಿನಂತೆ ಬೆರಳಿಗೆ ಬಿಳಿಬಿಳಿಯಾಗಿ ಮೆತ್ತಿಕೊಂಡಿತು. ತುಟಿಗೆ ಒಂದು ಹನಿ ಹಚ್ಚಿ ನೋಡಿದೆ. ಉಪ್ಪು.

“ಆಯಿ, ಇದು ಯಾವ ಬಾವಿ ನೀರು?”

“ನಮ್ಮ ಬಾವೀದ ಬೇ. ಊರಾಗಿನ ಆರೂ ಬಾವಿ ಹಿಂಗ ಸವಳ. ಮುಂಜಾನೆ ಬ್ಯಾಳಿ ಇಟ್ರ ಸಂಜಿತನಕ ಕುದ್ರೂ ಮೆತ್ತಗಾಗಂಗಿಲ್ಲ.”

“ಮತ್ತ ನನಗ ಬಾಟಲ್ಯಾಗ ಕೊಟ್ಟಿದ್ದು?”

“ಅದು ಬೀಗರ ಕೊಡದ್ದು,” ಎಂದಳು ಆಯಿ, ನನಗೆ ಅಷ್ಟೂ ತಿಳಿಯದೇ ಎನ್ನುವಂತೆ.

ಅಡುಗೆಮನೆಯ ಮೂಲೆ ತೋರಿಸಿದಳು. ಅಲ್ಲಿ ಎರಡು ಕೊಡ ಇದ್ದವು. ಒಂದು ದಿನಬಳಕೆಯ ಸವಳು ನೀರಿನ ಮಣ್ಣಿನ ಕೊಡ. ಇನ್ನೊಂದು ತಿಕ್ಕಿ ಬೆಳಗಿದ ಹಿತ್ತಾಳೆಯದು, ಬಾಯಿಗೆ ತಾಟು ಮುಚ್ಚಿತ್ತು. ನದಿಯ ಕಡೆ ಎರಡು ಮೈಲಿ ದೂರದ ಹೊಲದಲ್ಲಿ ಒಂದು ಸಿಹಿನೀರಿನ ಬಾವಿ. ಅಲ್ಲಿಂದ ಹೊತ್ತು ತಂದ ನೀರು ಬೀಗರು ಬಂದರೆ ಕುಡಿಯಲು, ಹಬ್ಬಕ್ಕೆ ಬ್ಯಾಳಿ ಬೇಯಿಸಲು. ಮನೆಯವರು ಅದನ್ನು ಮುಟ್ಟುವುದಿಲ್ಲ. ಊರಿನ ಪ್ರತಿ ಮನೆಯಲ್ಲೂ ಇಂಥದೊಂದು ಕೊಡ. ನನ್ನ ಆರು ಬಾಟಲಿಗೆ ಆಯಿ ಆರು ಮನೆ ತಿರುಗಿ, ಆರು ಬೀಗರ ಕೊಡದಿಂದ ನೀರು ಬೇಡಿ ತಂದಿದ್ದಳು.

“ಸಾಹೇಬ್ರ ಕಡೆ ಒಯ್ಯೋ ನೀರು ಅಂದೆಲ್ಲ. ಮಂದಿಗೆ ಯಾರರ ಸವಳು ನೀರು ಕಳಸತಾರೇನ ಬೇ? ಅವ್ರು ಒಂದ ಗುಟುಕು ಕುಡಿದು, ಈ ಊರಾಗ ಸಿಹಿನೀರು ತರೋ ಹೆಣ್ಮಕ್ಕಳ ಇಲ್ಲೇನು ಅಂದ್ರ ಹೆಂಗ?”

ನನಗೆ ಅಳು ಬಂತೋ ನಗು ಬಂತೋ ಹೇಳಲಾರೆ. ಆಯಿಯ ಮೇಲೆ ಸಿಟ್ಟು ಮಾಡೋಣವೆಂದರೆ ಅವಳ ಮುಖ ನೋಡಿ ಆಗಲಿಲ್ಲ. ಅವಳು ಮನೆಯ ಒಳ್ಳೆಯದನ್ನು ಕೊಟ್ಟಿದ್ದಳು. ಬಸ್ಸಿನಿಂದ ಇಳಿಯದೆ ಕಿಡಕಿಯಿಂದ ಬಾಟಲಿ ಕೊಟ್ಟವಳು ನಾನು. ಈಗ ಬಾಯಿ ಬಿಟ್ಟರೆ ನನ್ನ ತಪ್ಪು ನಾನೇ ಒಪ್ಪಿಕೊಂಡಂತೆ, ನೌಕರಿ ಮುಂದುವರಿಯುವ ಮಾತೇ ಇಲ್ಲ. ಬಿಡದಿದ್ದರೆ ಈ ಊರಿಗೆ ನಳ ಇಲ್ಲ.

ಮನೆಯಲ್ಲಿ ಹೇಳಿದರೆ ಅಪ್ಪನಿಂದ ಉತ್ತರ ಬರುವುದಿಲ್ಲವಲ್ಲ, ಟಾಯರು ಬದಲಾಗಿ ಬಸ್ಸು ಹೊರಟ ಮೇಲೆ ಅಲ್ಲೇ ಹೇಳಿದೆ. ಇಡೀ ಬಸ್ಸು ಕೇಳಿಸಿಕೊಂಡಿತು.

“ಸುಮ್ನ ಕುಂದರ್ರಿ ಅಕ್ಕೋರ. ಇನ್ನ ನಾಕ ದಿನ. ನೌಕರಿ ಗಟ್ಟಿ ಆಗಲಿ, ಆಮ್ಯಾಲ ನೋಡೂಣು,” ಎಂದರು ಹಿಂದಿನ ಸೀಟಿನವರು.

“ಆ ಊರಾಗ ಒಮ್ಮೆ ಬ್ಯಾಳಿ ಉಂಡೇನಿ. ಇನ್ನೂ ಹೊಟ್ಟ್ಯಾಗ ಹಂಗ ಐತಿ,” ಎಂದರು ಅಡತಿಯ ಮುದುಕರು. ತೊಗರಿಯಲ್ಲೇ ಬದುಕಿದ ಮನುಷ್ಯ, ಬೇಯದ ಬ್ಯಾಳಿಯ ದುಃಖ ಅವರಿಗೆ ತಿಳಿಯುತ್ತಿತ್ತು. ಅಪ್ಪ ಮಾತ್ರ ಏನೂ ಅನ್ನಲಿಲ್ಲ. ಬಸ್ಸಿನಲ್ಲಿ ಅವನು ಸುಮ್ಮನಿದ್ದದ್ದನ್ನು ನಾನು ಕಂಡದ್ದು ಅದೊಂದೇ ಸಲ.

ಮರುದಿನ ಸಾಹೇಬರು ಊರೆಲ್ಲ ತಿರುಗಿ ಕಚೇರಿಗೆ ಬಂದಾಗ ಸಂಜೆ ಐದು. ನಿಂತುಕೊಂಡೇ ಎಲ್ಲ ಹೇಳಿದೆ. ಅವರು ಎಲೆ ಅಡಿಕೆ ಅಗಿಯುವುದನ್ನು ನಿಲ್ಲಿಸಿದರು.

“ಬಾಟಲಿ ಕಿಡಕ್ಯಾಗಿಂದ ಕೊಟ್ರಿ?”

“ಹೌದ್ರಿ ಸರ್.”

“ಇಳೀಲೇ ಇಲ್ಲ?”

“ಇಲ್ರಿ ಸರ್.”

ಮೇಜಿನ ಮೇಲಿನ ಪಟ್ಟಿ ಎಳೆದುಕೊಂಡರು. “ಪಟ್ಟಿ ನಾಳೆ ಮಧ್ಯಾಹ್ನ ಬೆಂಗಳೂರಿಗೆ ಹೋಗತೈತಿ. ಹನ್ನೆರಡರೊಳಗ ಖರೇ ನೀರು, ಖರೇ ವರದಿ ನನ್ನ ಟೇಬಲ್ ಮ್ಯಾಲ ಇರಬೇಕು. ನಿಮ್ಮ ನೌಕರಿ ವಿಷಯ ಆಮ್ಯಾಲ.”

ಅಪ್ಪನ ಬಸ್ಸು ಅಷ್ಟೊತ್ತಿಗೆ ಹೋಗಿಯಾಗಿತ್ತು. ಕೊನೆಯ ಬಸ್ಸಿನಲ್ಲಿ ಆ ಊರು ದಾಟುವಾಗ ಬಾವಿಯ ಮೆಟ್ಟಿಲು ಕಾಣದಷ್ಟು ಕತ್ತಲು. ಉಳಿದದ್ದು ಬೆಳಗಿನ ಏಳೂವರೆಯ ಬಸ್ಸೊಂದೇ. ಅದು ತಪ್ಪಿದರೆ ಮುಂದಿನದು ಕಲಬುರ್ಗಿ ಮುಟ್ಟುವಾಗ ಮಧ್ಯಾಹ್ನ ಕಳೆದಿರುತ್ತದೆ.

ಬೆಳಿಗ್ಗೆ ಬಸ್ಸು ಹತ್ತಿ ಅಪ್ಪನಿಗೆ ಹೇಳಿದೆ, “ಆ ಊರಾಗ ಇಳೀತೇನಿ. ಅರ್ಧಾ ತಾಸರ ಬೇಕು, ಅಪ್ಪಾ.”

“ಬಸ್ಸು ನಿಲ್ಲಂಗಿಲ್ಲ,” ಎಂದ ಅಪ್ಪ. ಟಿಕೇಟು ಹರಿದು ಕೊಟ್ಟ.

ಬೇವಿನ ಗಿಡ ಬಂದದ್ದೇ ನಾನು ಬುಟ್ಟಿ ಹಿಡಿದು ಹಾರಿದೆ. ಬಸ್ಸು ಹೋದರೆ ಯಾವುದಾದರೂ ಲಾರಿಗೆ ಕೈ ಮಾಡುತ್ತೇನೆ ಎಂದುಕೊಂಡು ಓಡುತ್ತಿದ್ದೆ. ಹಿಂದಿನಿಂದ ಅಪ್ಪನ ದನಿ ಕೇಳಿತು. ಚಾಲಕನಿಗೆ ಹೇಳುತ್ತಿದ್ದ, “ಮೊನ್ನೆ ಇಲ್ಲೇ ಪಂಕ್ಚರ್ ಆಗಿತ್ತಲ್ಲ. ಜರಾ ಟಾಯರ್ ನೋಡೂಣು ಇಳೀರಿ.” ತಿರುಗಿ ನೋಡಿದರೆ ಅಪ್ಪ ನಟ್ಟು ಬಿಚ್ಚುವ ಪಾನಾ ಹಿಡಿದು ಮುಂದಿನ ಟಾಯರಿಗೆ ಟಣ್ ಟಣ್ ಎಂದು ಬಡಿದು, ಕಿವಿಗೊಟ್ಟು ಕೇಳುತ್ತಿದ್ದ, ವೈದ್ಯರು ಎದೆ ಬಡಿತ ಕೇಳುವಂತೆ. ಆ ಬಸ್ಸಿಗೆ ಆರು ಟಾಯರು.

ಮೊದಲ ಬಾವಿ ಗಿಡದ ಹತ್ತಿರವೇ. ಆಯಿ ಮೆಟ್ಟಿಲಿಗೆ ಅಡ್ಡ ನಿಂತಳು. “ಈ ಸವಳು ನೀರು ಒಯ್ತೀಯಾ? ಊರ ಮರ್ಯಾದಿ ಕಳೀಬ್ಯಾಡ ಬೇ.”

“ಆಯಿ, ಸಾಹೇಬ್ರು ಕುಡಿಯಂಗಿಲ್ಲ. ನಿಮ್ಮ ಬ್ಯಾಳಿ ಯಾಕ ಬೇಯಂಗಿಲ್ಲ ಅಂತ ಕಾಗದದ ಮ್ಯಾಲ ಬರೀಬೇಕಾಗೈತಿ. ಬೀಗರ ಕೊಡದ ನೀರು ತೋರಿಸಿದ್ರ ನಿಮಗ ನಳ ಕೊಡಂಗಿಲ್ಲ.”

“ಇದನ್ನ ತೋರಿಸಿದ್ರ ಕೊಡತಾರೇನು?”

“ನಾ ಬರೀತೇನಿ. ಕೊಡೋದು ಅವ್ರ ಕೈಯಾಗೈತಿ.”

ಆಯಿ ಸೀರೆ ಎತ್ತಿಕಟ್ಟಿ, ಕೊಡ ಇಳಿಬಿಡುತ್ತಿದ್ದ ಹೆಂಗಸರನ್ನೆಲ್ಲ ಬೈದು ಸರಿಸಿ, ನನಗೆ ದಾರಿ ಮಾಡಿಕೊಟ್ಟಳು. ನಾನು ಬಾಟಲಿ ತುಂಬಿ, ಚೀಟಿಗೆ ಕೈ ಹಾಕಿದರೆ ಚೀಟಿಯೇ ಇಲ್ಲ. ಅವಸರದಲ್ಲಿ ಮನೆಯಲ್ಲೇ ಬಿಟ್ಟು ಬಂದಿದ್ದೆ. ಒಂದೇ ಥರದ ಆರು ಬಾಟಲಿ, ಯಾವ ಬಾವಿಯದು ಯಾವುದು ಎಂದು ಗೊತ್ತಾಗದಿದ್ದರೆ ಈ ವರದಿಯೂ ಸುಳ್ಳೇ. ಬಸ್ಸಿನ ಕಡೆ ಓಡಿದೆ.

“ಅಪ್ಪಾ, ಕಾಗದ. ಯಾವುದರ ಕಾಗದ ಕೊಡು.”

ಅಪ್ಪ ನಾಲ್ಕನೆಯ ಟಾಯರಿನಲ್ಲಿದ್ದ. ಟಿಕೇಟು ಹರಿದು ಕೊಡುವಂತಿರಲಿಲ್ಲ, ಅದು ಸರ್ಕಾರದ್ದು. ಚೀಲ ತೆರೆದ. ಒಳಜೇಬಿಗೆ ಕೈ ಹಾಕಿ, ನಾಲ್ಕಾಗಿ ಮಡಚಿದ್ದ ಆ ಅರ್ಜಿ ತೆಗೆದ. ಉದ್ದಕ್ಕೆ ಒಮ್ಮೆ, ಅಡ್ಡಕ್ಕೆ ಎರಡು ಸಲ, ಟಿಕೇಟು ಹರಿಯುವಷ್ಟೇ ನೀಟಾಗಿ ಹರಿದ. ಆರು ಚೂರು.

“ಅಪ್ಪಾ, ಅದು...”

“ಹಿಂದ ಖಾಲಿ ಐತಿ, ಬರಿ. ಇನ್ನ ಎರಡ ಟಾಯರ್ ಉಳದಾವ.”

ನನ್ನ ಕಣ್ಣು ತುಂಬಿ ಬಂತು. ಅಳಲು ಸಮಯವಿರಲಿಲ್ಲ. ಅಡತಿಯ ಮುದುಕರು ತಮ್ಮ ಗೋಣಿಚೀಲದ ದಾರ ಕಿತ್ತು ಕೊಟ್ಟರು. ಉಳಿದ ಐದು ಬಾವಿಗೆ ನಾನೂ ಆಯಿಯೂ ಓಡಿದ ಓಟವನ್ನು ಆ ಊರಿನವರು ಇಂದಿಗೂ ಮಾಡಿ ತೋರಿಸುತ್ತಾರಂತೆ. ಮರಳಿ ಬಂದಾಗ ಅಪ್ಪ ಸ್ಟೆಪ್ನಿಯನ್ನೂ ಬಡಿಯುತ್ತಿದ್ದ. ಆರು ಬಾಟಲಿಗಳು ಆರು ಜನರ ತೊಡೆಯ ಮೇಲೆ ಕುಳಿತು ಕಲಬುರ್ಗಿ ಸೇರಿದವು. ನನ್ನ ಓದಿಗೆ ನಕ್ಕವರೇ ತಗ್ಗು ಬಂದಾಗಲೆಲ್ಲ “ಹಗೂರ್ ಹೊಡೀರಿ, ನೀರು ಅದಾವ,” ಎಂದು ಚಾಲಕನನ್ನು ಗದರಿಸುತ್ತಿದ್ದರು.

ಆ ದಿನ ಔಷಧ ಬಿಟ್ಟೆ, ಬಿಟ್ಟೆ, ಬಿಡುತ್ತಲೇ ಇದ್ದೆ. ಕೊಳವೆ ಖಾಲಿಯಾಗಿ ಮತ್ತೆ ತುಂಬಿದರೂ ನೀರು ನೀಲಿಯಾಗಲಿಲ್ಲ. ಅಷ್ಟು ಕೆಟ್ಟ ನೀರು ಕಂಡು ನಾನು ಅಷ್ಟು ಖುಷಿಪಟ್ಟದ್ದು ಮುಂದೆಂದೂ ಇಲ್ಲ. ಹನ್ನೆರಡಕ್ಕೆ ಹತ್ತು ನಿಮಿಷ ಇರುವಾಗ ಸಾಹೇಬರು ಒಳಗೆ ಬಂದು ಒಂದು ಬಾಟಲಿ ಎತ್ತಿ ಚೀಟಿ ತಿರುಗಿಸಿದರು. ‘ಅರ್ಜಿದಾರರ ತಂದೆಯ ಹೆಸರು’ ಎಂದು ಅಚ್ಚಾಗಿತ್ತು.

“ಇದೇನ್ರಿ?”

“ಬಿ.ಎಡ್. ಅರ್ಜಿ ಸರ್. ನಮ್ಮಪ್ಪಾರು ಹರಿದು ಕೊಟ್ರು.”

ಅವರು ಒಂದು ಹನಿ ಬೆರಳಿಗೆ ತೆಗೆದುಕೊಂಡು ನಾಲಿಗೆಗೆ ಹಚ್ಚಿದರು. ಮುಖ ಕಿವುಚಿದರು. ಪಟ್ಟಿ ತೆಗೆದು, ಕೆಂಪು ಗೆರೆಯ ಮೇಲೆ ಆ ಊರಿನ ಹೆಸರನ್ನು ಶಾಯಿಯಿಂದ ದೊಡ್ಡದಾಗಿ ಮತ್ತೆ ಬರೆದರು. ನಾನು ನಿಂತೇ ಇದ್ದೆ. ನನ್ನ ಆರು ತಿಂಗಳು ಮುಗಿಯುವುದು ಅದೇ ಶನಿವಾರ.

“ಸೋಮವಾರ ಜೇವರ್ಗಿ ಕಡೆ ಹೋಗ್ರಿ,” ಎಂದರು ಕಾಗದದಿಂದ ತಲೆ ಎತ್ತದೆ. “ಹನ್ನೆರಡು ಊರು ಅದಾವ. ಪ್ರತಿ ಊರಾಗ ಇಳೀರಿ.”

ಆ ಊರಿಗೆ ನಳ ಬರಲು ಮತ್ತೆ ಎರಡು ವರ್ಷ ಹಿಡಿಯಿತು. ಬಂದ ವಾರ ಆಯಿ ಬಸ್ಸಿನ ಕಿಡಕಿಯಿಂದ ನನಗೊಂದು ಬಾಟಲಿ ಕೊಟ್ಟಳು. “ನಳದ ನೀರು. ಈಗರ ನಿಮ್ಮ ಸಾಹೇಬ್ರಿಗೆ ಕುಡೀಲಿಕ್ಕ ಕೊಡು,” ಎಂದಳು. ನಾನೇ ತುಂಬಿದ ನೀರಲ್ಲ, ಚೀಟಿಯೂ ಇರಲಿಲ್ಲ. ಆದರೂ ಒಯ್ದು ಕೊಟ್ಟೆ. ಸಾಹೇಬರು ಒಂದೇ ಉಸಿರಿಗೆ ಕುಡಿದರು.

ನನಗೆ ಹೆಚ್ಚು ನೆನಪಿರುವುದು ಮಾತ್ರ ಆ ಸೋಮವಾರ. ಏಳೂವರೆಗೆ ಸರಿಯಾಗಿ ಸೀಟಿ ಊದಿ ಅಪ್ಪ ಟಿಕೇಟು ಕೊಡುತ್ತ ನನ್ನ ಸೀಟಿಗೆ ಬಂದ. ನಾನು ಎಲ್ಲಿಗೆ ಹೋಗುವವಳು ಎಂದು ಅವನಿಗೆ ಗೊತ್ತಿತ್ತು. ಶನಿವಾರ ಸಂಜೆಯೇ ಹೇಳಿದ್ದೆ, ಮನೆಯಲ್ಲಾದ್ದರಿಂದ ಬರೀ ‘ಹೂಂ’ ಎಂದಿದ್ದ.

“ಎಲ್ಲಿಗೆ?” ಎಂದ, ಯಾರೋ ಗುರುತಿಲ್ಲದವರನ್ನು ಕೇ​ಳುವಂತೆ.

“ಕಲಬುರ್ಗಿ.”

“ಅಲ್ಲಿಂದ?”

“ಜೇವರ್ಗಿ.”

“ಯಾಕ?”

“ನೀರು ನೋಡಾಕ, ಅಪ್ಪಾ.”

“ಜೋರ್ ಹೇಳ ಬೇ,” ಎಂದ ಅಪ್ಪ. “ಹಿಂದ ಕುಂತವ್ರಿಗೆ ಕೇಳವಲ್ದು.”

ನಾನು ಎದ್ದು ನಿಂತು ಹೇಳಿದೆ.